ಮಾವನ ಮೂಗಿನ ಪಕ್ಕದ ಮಚ್ಚೆ



ನನ್ನ ಬಳಿ ಎರಡು ದೃಶ್ಯಗಳ ಮುದ್ರಿಕೆ ಇದೆ. ಎರಡರಲ್ಲೂ ಕಾಣುವವರು ಒಬ್ಬರೇ, ನನ್ನ ಸೋದರಮಾವ. ಮೊದಲನೆಯದು 2013ರ ಆಗಸ್ಟ್ ತಿಂಗಳದು. ಸಿರುಗುಪ್ಪದ ಬಳಿ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆದಿತ್ತು. ಕೃಷಿ ಕಾರ್ಯಕ್ರಮವೊಂದಕ್ಕೆ ರೈತರ ಅನುಭವ ಬೇಕಾಗಿತ್ತು. ಬೇರೆಯವರನ್ನು ಹುಡುಕುವ ಬದಲು ಮಾವನನ್ನೇ ಬದುವಿನ ಮೇಲೆ ನಿಲ್ಲಿಸಿ ಮಾತನಾಡಿಸಿದೆ. ಕ್ಯಾಮೆರಾ ಮುಖದ ಹತ್ತಿರಕ್ಕೆ ಹೋದಾಗ ಮಾನಿಟರಿನಲ್ಲಿ ಅವರ ಮೂಗಿನ ಎಡಪಕ್ಕ, ಕೆನ್ನೆ ಸೇರುವ ಮಡಿಕೆಯಲ್ಲಿ, ಜೋಳದ ಕಾಳಿನಷ್ಟು ಕಪ್ಪು ಗಂಟೊಂದು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಕ್ಯಾಮೆರಾಮನ್ ಗೆಳೆಯನಿಗೆ, "ಬಲಗಡೆಯಿಂದ ತೆಗೀಪ್ಪ, ಆ ಮಚ್ಚೆ ಕಣ್ಣಿಗೆ ಬೀಳ್ತದೆ" ಎಂದೆ.

ಎರಡನೆಯ ದೃಶ್ಯ 2019ರದು. ಅದೇ ಊರು, ಅದೇ ಮಾವ. ಈ ಸಲ ಮಚ್ಚೆ ಇಲ್ಲ. ಅದಿದ್ದ ಜಾಗದಲ್ಲಿ ಬಿಳಿಚಿದ ಒಂದು ಕಲೆ. ಆ ಕಲೆ ಮೂಗಿನ ಹೊಳ್ಳೆಯ ಅಂಚನ್ನು ಮೇಲಕ್ಕೆ ಎಳೆದುಕೊಂಡಿದೆ. ಕಲೆಯ ಕೆಳತುದಿಯಲ್ಲಿ ಒಣಗಿದ ರಕ್ತದ ಸಣ್ಣ ಹೊಪ್ಪಳೆ.

ಈ ಎರಡು ದೃಶ್ಯಗಳ ನಡುವಿನ ಆರು ವರ್ಷಗಳಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ. ಓದಿದ್ದು ಬಿ.ಎಸ್ಸಿ., ಅದರಲ್ಲೂ ಪ್ರಾಣಿಶಾಸ್ತ್ರ ಒಂದು ವಿಷಯ. ಚರ್ಮದ ಅಡ್ಡಕೊಯ್ತದ ಚಿತ್ರ ಬರೆದು, ಪದರಗಳನ್ನು ಗುರುತಿಸಿ ಅಂಕ ಪಡೆದವನು. ಹಾಗಿದ್ದೂ ಮುಖದ ಮೇಲಿನ ಗಂಟನ್ನು ಕಂಡು ಕ್ಯಾಮೆರಾ ತಿರುಗಿಸಿದವನು.

ಆ ಗಂಟಿನ ಹೆಸರು ಬೇಸಲ್ ಸೆಲ್ ಕಾರ್ಸಿನೋಮಾ. ನಮ್ಮ ಹೊರಚರ್ಮ ಹಲವು ಸಾಲು ಜೀವಕೋಶಗಳಿಂದಾದದ್ದು. ಅದರ ಅತ್ಯಂತ ಕೆಳಗಿನ ಸಾಲಿನಲ್ಲಿ ಕೋಶಗಳು ಒಡೆದು ಎರಡಾಗುತ್ತ, ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಆ ತಳಸಾಲಿನ ಕೋಶಗಳನ್ನು ಹೋಲುವ ಕೋಶಗಳು ಅಂಕೆ ತಪ್ಪಿ ಬೆಳೆದಾಗ ಈ ಕ್ಯಾನ್ಸರ್ ಆಗುತ್ತದೆ. ನಾವು ಇದನ್ನು ತಳಕೋಶದ ಕ್ಯಾನ್ಸರ್ ಎಂದು ಕರೆಯೋಣ. ಡಬ್ಲಿನ್ ನಗರದ ಆರ್ಥರ್ ಜೇಕಬ್ ಎಂಬ ಕಣ್ಣಿನ ವೈದ್ಯರು 1827ರಲ್ಲೇ ಇದನ್ನು ವರ್ಣಿಸಿದ್ದರು. ರೆಪ್ಪೆಯ ಬಳಿ ಹುಟ್ಟಿ, ವರ್ಷಾನುಗಟ್ಟಲೆ ನಿಧಾನವಾಗಿ ಸುತ್ತಲಿನ ಮಾಂಸವನ್ನು ತಿನ್ನುವ ವಿಚಿತ್ರ ಹುಣ್ಣು ಎಂಬುದು ಅವರ ವರ್ಣನೆ. ಇಲಿ ಕಡಿದಂತೆ ಕಾಣುವುದರಿಂದ ಮುಂದೆ ಅದಕ್ಕೆ ಇಲಿಹುಣ್ಣು ಎಂಬ ಅರ್ಥದ ಹೆಸರೂ ಬಂತು.

ಇದರ ಸ್ವಭಾವವನ್ನು ಮೊದಲು ತಿಳಿಯಬೇಕು. ಕ್ಯಾನ್ಸರ್ ಎಂದೊಡನೆ ನಾವು ಹೆದರುವುದು ಅದು ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೋ ಯಕೃತ್ತಿಗೋ ಹಬ್ಬುತ್ತದೆಂದು. ತಳಕೋಶದ ಕ್ಯಾನ್ಸರ್ ಹಾಗೆ ದೂರ ಹೋಗುವುದು ತೀರ ಅಪರೂಪ, ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ಹುಟ್ಟಿದ ಜಾಗದಲ್ಲಿ ಅದು ಸುಮ್ಮನಿರುವುದಿಲ್ಲ. ಬೇರು ಬಿಟ್ಟ ಹಾಗೆ ಚರ್ಮದಡಿಗೆ ಇಳಿಯುತ್ತದೆ. ಮೂಗಿನ ಮೃದ್ವಸ್ಥಿಯನ್ನು, ರೆಪ್ಪೆಯನ್ನು, ಕೊನೆಗೆ ಮೂಳೆಯನ್ನೂ ತಿನ್ನಬಲ್ಲದು. ನೋವಂತೂ ಇರುವುದಿಲ್ಲ. ನಮ್ಮ ಮಾವ ಹೇಳುತ್ತಿದ್ದದ್ದೂ ಅದನ್ನೇ: "ನೋವೂ ಇಲ್ಲ, ನವೆನೂ ಇಲ್ಲ ಅಳಿಯಾ. ಅದರ ಪಾಡಿಗೆ ಅದು ಐತೆ, ನನ್ನ ಪಾಡಿಗೆ ನಾನಿದೀನಿ."

ಬಿಳಿಯ ಚರ್ಮದ ಜನರಿರುವ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇದು ಮನೆಮಾತಾದ ರೋಗ. ನಮ್ಮಲ್ಲಿ ಚರ್ಮದ ಕ್ಯಾನ್ಸರ್‌ಗಳೇ ಕಡಿಮೆ. ಚರ್ಮಕ್ಕೆ ಕಂದುಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಕೋಶದ ಡಿ.ಎನ್.ಎ.ಯನ್ನು ಕಾಯುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಬಳ್ಳಾರಿಯ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ನಿಮಗೆ ಗೊತ್ತು. ಆದರೆ ಡಿ.ಎನ್.ಎ.ಗೆ ಪೆಟ್ಟು ಕೊಡುವುದು ಆ ಶಾಖವಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ತಂಪು ಗಾಳಿ ಬೀಸುವ ದಿನವೂ ಅದು ಬೀಳುತ್ತಿರುತ್ತದೆ. ನಲವತ್ತು ವರ್ಷ ತಲೆಗೆ ಬರೀ ಟವೆಲು ಸುತ್ತಿಕೊಂಡು ಗದ್ದೆಯಲ್ಲಿ ನಿಂತವನ ಮೂಗು ಆ ಟವೆಲಿನ ನೆರಳಿಗೆ ಬರುವುದೇ ಇಲ್ಲ.

ಬಿಸಿಲೊಂದೇ ಕಾರಣವೂ ಅಲ್ಲ. ನಮ್ಮ ಕಲ್ಯಾಣ ಕರ್ನಾಟಕದಲ್ಲೇ, ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಕಿರದಳ್ಳಿ ತಾಂಡಾದಲ್ಲಿ, ಕೊಳವೆ ಬಾವಿಯ ನೀರಿನಲ್ಲಿ ಆರ್ಸೆನಿಕ್ ಇದ್ದು, ಜನರ ಚರ್ಮದ ಮೇಲೆ ಅದರ ಗುರುತುಗಳಿದ್ದುದನ್ನು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ದಾಖಲಿಸಿದೆ. ಅದು ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಪ್ರದೇಶ. ಬಹುಕಾಲ ಆರ್ಸೆನಿಕ್ ಹೊಟ್ಟೆಗೆ ಹೋದರೆ, ಬಿಸಿಲು ಬೀಳದ ಹೊಟ್ಟೆ, ಬೆನ್ನಿನ ಮೇಲೂ ಚರ್ಮದ ಕ್ಯಾನ್ಸರ್ ಏಳಬಹುದು. ಹುಟ್ಟಿನಿಂದಲೇ ಮೈಯಲ್ಲಿ ಮೆಲನಿನ್ ಇಲ್ಲದ, ಕೂದಲು ಕೂಡ ಬೆಳ್ಳಗಿರುವ ಮಕ್ಕಳಿರುತ್ತಾರಲ್ಲ, ಆಲ್ಬಿನಿಸಂ ಎನ್ನುತ್ತಾರೆ, ಅವರಿಗಂತೂ ಬಳ್ಳಾರಿಯ ಬಯಲು ಬಹಳ ಕಠಿಣ. ಅಂಥ ಗೆಳೆಯನೊಬ್ಬ ನಿಮ್ಮ ತರಗತಿಯಲ್ಲಿದ್ದರೆ, ಪ್ರಾರ್ಥನೆಗೆ ನಿಲ್ಲುವಾಗ ಅವನಿಗೆ ನೆರಳಿನ ಜಾಗ ಬಿಡಿ. ಅವನು ಟೋಪಿ ಹಾಕಿಕೊಂಡರೆ ನಗಬೇಡಿ.

ಇದು ನಮ್ಮಲ್ಲಿ ಕಡಿಮೆ ಎಂಬುದೇ ಒಂದು ತೊಡಕು. ಬಿಳಿಯ ಚರ್ಮದಲ್ಲಿ ಈ ಗಂಟು ಮುತ್ತಿನಂತೆ ತಿಳಿಯಾಗಿ, ಮೇಲೆ ಎಳೆಎಳೆ ರಕ್ತನಾಳಗಳೊಂದಿಗೆ ಕಾಣುತ್ತದೆ. ಪಠ್ಯಪುಸ್ತಕದ ಬಣ್ಣದ ಚಿತ್ರಗಳೂ ಹೆಚ್ಚಾಗಿ ಅವರದೇ. ನಮ್ಮ ಚರ್ಮದಲ್ಲಿ ಅದು ಬಹುಮಟ್ಟಿಗೆ ಕಪ್ಪಾಗಿ ಅಥವಾ ಕಂದುನೀಲಿಯಾಗಿ ಬಂದು ಮಚ್ಚೆಯ ವೇಷ ಹಾಕುತ್ತದೆ. ಮಚ್ಚೆಯೆಂದರೆ ಅದೃಷ್ಟವೆಂದು ಹೇಳುವವರೂ ಸಿಗುತ್ತಾರೆ. ಇನ್ನು ಕೆಲವೊಮ್ಮೆ ಚಪ್ಪಟೆಯಾಗಿ, ಸಿಪ್ಪೆ ಏಳುವ ಕಲೆಯಾಗಿ ಬರುವುದುಂಟು. ಆಗ ಇಸಬೆಂದೋ ಗಜಕರ್ಣವೆಂದೋ ಔಷಧಿ ಅಂಗಡಿಯ ಮುಲಾಮು ಹಚ್ಚಿ ವರ್ಷ ಕಳೆಯುತ್ತಾರೆ.

ಮಾವನ ಕತೆಗೆ ಬರುತ್ತೇನೆ. ಅವರ ಮಗಳನ್ನು ಕೊಟ್ಟಿರುವುದು ಕುರುಗೋಡಿಗೆ. 2015ರಲ್ಲಿ ದೊಡ್ಡಬಸವೇಶ್ವರನ ಜಾತ್ರೆಗೆಂದು ಹೋದವರು ಅಲ್ಲಿಯೇ ಕ್ಷೌರ ಮಾಡಿಸಿಕೊಂಡರು. ಕತ್ತಿ ತಾಗಿ ಗಂಟಿನಿಂದ ರಕ್ತ ಬಂತು. ಬಹಳ ಹೊತ್ತು ನಿಲ್ಲಲಿಲ್ಲ. ಬೀಗರ ಪೈಕಿ ಯಾರೋ, ನರುಳ್ಳೆ ಸುಡುವವರೊಬ್ಬರು ಇದ್ದಾರೆಂದು ಕರೆದುಕೊಂಡು ಹೋದರು. ಸುಣ್ಣ, ಬಟ್ಟೆಸೋಡ ಕಲಸಿ ಹಚ್ಚಿದ್ದಾಯಿತು. ಎರಡು ರಾತ್ರಿ ಉರಿ. ಹದಿನೈದು ದಿನಕ್ಕೆ ಹೊಪ್ಪಳೆ ಉದುರಿ, ಅಡಿಯಲ್ಲಿ ಹೊಸ ಚರ್ಮ ಕಂಡಿತು. ಮಾವ ಫೋನು ಮಾಡಿ, "ನಿಮ್ಮ ದವಾಖಾನೆಯವರಾಗಿದ್ರೆ ಇದಕ್ಕೇ ಸಾವಿರಾರು ರೂಪಾಯಿ ಕಿತ್ತಿರೋರು" ಎಂದು ನಕ್ಕರು. ನಾನೂ ನಕ್ಕೆ.

2017ರಲ್ಲಿ ಅದು ಮತ್ತೆ ಎದ್ದಿತು. ಈ ಸಲ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಹೋದರು. ಮರಗಟ್ಟುವ ಸೂಜಿ ಕೊಟ್ಟು, ಹತ್ತೇ ನಿಮಿಷದಲ್ಲಿ ಕತ್ತರಿಸಿ, ಎರಡು ಹೊಲಿಗೆ ಹಾಕಿ ಕಳಿಸಿದರು. ಕತ್ತರಿಸಿದ ತುಣುಕು ಎಲ್ಲಿಗೆ ಹೋಯಿತು? ಕಸದ ಬುಟ್ಟಿಗೆ. ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸುಣ್ಣ ಹಚ್ಚಿದವರಿಗೂ ಇವರಿಗೂ ಇದ್ದ ವ್ಯತ್ಯಾಸ, ಯೋಚಿಸಿದರೆ, ಒಂದು ಸೂಜಿಯದು ಮಾತ್ರ.

ಈಗ ನಿಮ್ಮನ್ನು ಒಮ್ಮೆ ಅಮೆರಿಕಕ್ಕೆ ಕರೆದೊಯ್ಯಬೇಕು, ಏಕೆಂದರೆ ಅಲ್ಲಿಯೂ ಒಬ್ಬರು ಚರ್ಮವನ್ನು ಲೇಪ ಹಚ್ಚಿ ಸುಡುತ್ತಿದ್ದರು. 1930ರ ದಶಕ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಮೋಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇಲಿಗಳ ಗಂಟುಗಳಿಗೆ ಬೇರೆ ಬೇರೆ ರಾಸಾಯನಿಕಗಳನ್ನು ಸೇರಿಸಿ ನೋಡುತ್ತಿದ್ದರು. ಜಿಂಕ್ ಕ್ಲೋರೈಡ್ ಎಂಬ ಲವಣ ಮಾಂಸವನ್ನು ಕೊಂದರೂ, ಸೂಕ್ಷ್ಮದರ್ಶಕದಲ್ಲಿ ಕೋಶಗಳ ರಚನೆ ಕೆಡದೆ ಹಾಗೆಯೇ ಉಳಿದಿರುವುದು ಅವರಿಗೆ ಕಂಡಿತು. ಅದೇ ಅವರ ಬುದ್ಧಿಗೆ ಹೊಳೆದ ದಾರಿ. ಗಂಟಿಗೆ ಆ ಲೇಪ ಹಚ್ಚುವುದು, ಸತ್ತ ಪದರವನ್ನು ತೆಳ್ಳಗೆ ಕೊಯ್ದು ತೆಗೆಯುವುದು, ಅದರ ತಳವನ್ನೂ ಅಂಚುಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಲ್ಲಿ ಕ್ಯಾನ್ಸರ್ ಕೋಶ ಉಳಿದಿದೆಯೋ ಅಲ್ಲಿಗೆ ಮಾತ್ರ ಮತ್ತೆ ಹಚ್ಚುವುದು. ಉಳಿದಿಲ್ಲವೆಂದು ಕಣ್ಣಿಗೆ ಕಂಡ ಮೇಲೆಯೇ ನಿಲ್ಲಿಸುವುದು. ರೋಗಿಗಳ ಮೇಲೆ ಈ ಚಿಕಿತ್ಸೆಯನ್ನು 1936ರಲ್ಲಿ ಆರಂಭಿಸಿದರು.

ಕುರುಗೋಡಿನಲ್ಲಿ ಹಚ್ಚಿದ್ದೂ ಸುಡುವ ಲೇಪವೇ, ಮೋಸ್ ಹಚ್ಚಿದ್ದೂ ಸುಡುವ ಲೇಪವೇ. ಒಂದರ ಪಕ್ಕದಲ್ಲಿ ಸೂಕ್ಷ್ಮದರ್ಶಕವಿತ್ತು, ಇನ್ನೊಂದರ ಪಕ್ಕದಲ್ಲಿ ಇರಲಿಲ್ಲ. ಗಂಟನ್ನು ತೆಗೆಯುವುದು ಬೇರೆ, ಪೂರ್ತಿ ತೆಗೆದಿದ್ದೇವೆ ಎಂದು ತಿಳಿಯುವುದು ಬೇರೆ. ಈ ರೋಗದ ಯಾವ ಚಿಕಿತ್ಸೆಯನ್ನು ಕುರಿತು ಕೇಳಿದರೂ, ಎರಡನೆಯದಕ್ಕೆ ಅದರಲ್ಲಿ ಏನು ಏರ್ಪಾಡಿದೆ ಎಂದು ಕೇಳಿ.

ಮೋಸ್ ವಿಧಾನಕ್ಕೆ ನಮ್ಮ ಕಸುಬಿನೊಂದಿಗೂ ಒಂದು ನಂಟಿದೆ. ಲೇಪ ಹಚ್ಚಿ ಮಾಂಸ ಗಟ್ಟಿಯಾಗಲು ಒಂದು ದಿನ ಕಾಯಬೇಕಿತ್ತು. 1953ರಲ್ಲಿ ರೆಪ್ಪೆಯ ಶಸ್ತ್ರಚಿಕಿತ್ಸೆಯೊಂದನ್ನು ಬೋಧನೆಗಾಗಿ ಚಲನಚಿತ್ರ ತೆಗೆಯುತ್ತಿದ್ದಾಗ, ಚಿತ್ರೀಕರಣ ತಡವಾಗುತ್ತದೆಂದು ಅವರು ಎರಡನೆಯ ಪದರವನ್ನು ಲೇಪವಿಲ್ಲದೆ ಹಸಿಯಾಗಿಯೇ ತೆಗೆದು, ಹೆಪ್ಪುಗಟ್ಟಿಸಿ ಪರೀಕ್ಷಿಸಿದರು. ಅದೂ ಸರಿಯಾಗಿಯೇ ಬಂತು. ಈಗ ಎಲ್ಲೆಡೆ ನಡೆಯುವುದು ಆ ಹಸಿ ವಿಧಾನವೇ, ಲೇಪ ಮೂಲೆಗೆ ಸರಿದಿದೆ. ಕ್ಯಾಮೆರಾದವರ ಅವಸರದಿಂದ ಲೋಕಕ್ಕೆ ಉಪಕಾರವಾದ ಸಂದರ್ಭಗಳು ಹೆಚ್ಚಿಲ್ಲ, ಆದ್ದರಿಂದ ಇದನ್ನು ಹೇಳದೆ ಬಿಡಲಾರೆ.

2019ರಲ್ಲಿ ಮಾನಿಟರಿನ ಮೇಲೆ ಆ ಎಳೆದ ಹೊಳ್ಳೆಯನ್ನು ಕಂಡಾಗ ನನಗೆ ಕ್ಯಾಮೆರಾ ತಿರುಗಿಸುವ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಮಾವನನ್ನು ಬಳ್ಳಾರಿಗೆ ಕರೆತಂದು ಚರ್ಮರೋಗ ತಜ್ಞರಿಗೆ ತೋರಿಸಿದೆ. ಅವರು ಭೂತಗಾಜಿನಂಥ ದೀಪದ ಉಪಕರಣವೊಂದನ್ನು ಕಲೆಯ ಮೇಲಿಟ್ಟು ನೋಡಿದರು, ಬೆರಳಿನಿಂದ ಒತ್ತಿ ಗಡಸು ನೋಡಿದರು, ಆಮೇಲೆ ಅಕ್ಕಿಕಾಳಿನಷ್ಟು ತುಣುಕು ತೆಗೆದು ಬಯಾಪ್ಸಿಗೆ ಕಳಿಸಿದರು. ತಳಕೋಶದ ಕ್ಯಾನ್ಸರ್ ಎಂಬ ಹೆಸರನ್ನು ನಾವು ಮೊದಲು ಕೇಳಿದ್ದು ಆ ವರದಿ ಬಂದ ದಿನ. ಮಾವ ವರದಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, "ಈ ವರ್ಷದ ನೆಲ್ಲು ಮನೆಗೆ ಬಂದ ಮೇಲೆ ನೋಡೋಣ" ಎಂದರು. "ಆರು ವರ್ಷ ಕಾದಿದ್ದು ಸಾಕು ಯಜಮಾನ್ರೇ" ಎಂದರು ವೈದ್ಯರು. ಆ ಮಾತು ನನಗೆ ತಾಗಿತು.

ವೈದ್ಯರು ಕೇಳಿದ ಪ್ರಶ್ನೆಗಳನ್ನು ಗಮನಿಸಿ. ಗಂಟು ಎಲ್ಲಿದೆ? ಎಷ್ಟು ಅಗಲ? ಅಂಚು ಸ್ಪಷ್ಟವಾಗಿದೆಯೇ? ಸೂಕ್ಷ್ಮದರ್ಶಕದಲ್ಲಿ ಅದು ಗುಂಪಾಗಿ ಬೆಳೆದ ಬಗೆಯೇ, ಅಥವಾ ದಾರದೆಳೆಯಂತೆ ಸುತ್ತ ಹರಡುವ ಬಗೆಯೇ? ಮೊದಲ ಸಲ ಬಂದದ್ದೇ, ಮರಳಿ ಬಂದದ್ದೇ? ಚಿಕಿತ್ಸೆಯ ಆಯ್ಕೆ ನಿಂತಿರುವುದು ಈ ಉತ್ತರಗಳ ಮೇಲೆ. ಬೆನ್ನಿನ ಮೇಲೆ ಸ್ಪಷ್ಟ ಅಂಚಿನ ಸಣ್ಣ ಗಂಟಾಗಿದ್ದರೆ, ಸುತ್ತ ನಾಲ್ಕು ಮಿಲಿಮೀಟರಿನಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸಿ ಹೊಲಿದು, ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬಹುಪಾಲು ಜನರಿಗೆ ಸಾಕು. ಕಣ್ಣು, ಮೂಗು, ತುಟಿ, ಕಿವಿಗಳ ಸುತ್ತ ಹಾಗಲ್ಲ. ಅಲ್ಲಿ ನಾಲ್ಕು ಮಿಲಿಮೀಟರು ಬಿಡುವುದೂ ದುಬಾರಿ, ಬಿಡದಿರುವುದೂ ದುಬಾರಿ.

ಹೀಗಾಗಿಯೇ ಮುಖದ ಅಂಥ ಜಾಗಗಳಿಗೆ, ಅದರಲ್ಲೂ ಮರಳಿ ಬಂದ ಗಂಟಿಗೆ, ಮೋಸ್ ವಿಧಾನ ಮೇಲು. ಸಾಮಾನ್ಯ ಪ್ರಯೋಗಾಲಯದಲ್ಲಿ ತುಣುಕನ್ನು ಬ್ರೆಡ್ಡಿನ ಹೋಳುಗಳಂತೆ ಅಲ್ಲಲ್ಲಿ ಕೊಯ್ದು ನೋಡುತ್ತಾರೆ. ಹೋಳು ಹೋಳಿನ ನಡುವೆ ಉಳಿದದ್ದು ಕಾಣುವುದಿಲ್ಲ. ಜೋಳದ ರೊಟ್ಟಿಯನ್ನು ನಾಲ್ಕು ಕಡೆ ಮುರಿದು, ಸೀದಿದೆಯೇ ಎಂದು ನೋಡುವುದು ಒಂದು ಬಗೆ. ಮಗುಚಿ ಹಾಕಿ ತಳವನ್ನೆಲ್ಲ ನೋಡುವುದು ಇನ್ನೊಂದು ಬಗೆ. ಮೋಸ್ ವಿಧಾನ ಎರಡನೆಯದು. ಹಾಲೆಂಡಿನಲ್ಲಿ ಮುಖದ ತಳಕೋಶದ ಕ್ಯಾನ್ಸರ್ ಇದ್ದವರನ್ನು ಎರಡು ಗುಂಪು ಮಾಡಿ ಹತ್ತು ವರ್ಷ ಹಿಂಬಾಲಿಸಿದರು. ಮರಳಿ ಬಂದ ಗಂಟುಗಳ ಲೆಕ್ಕದಲ್ಲಿ, ಸಾಮಾನ್ಯ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 13ಕ್ಕಿಂತ ಹೆಚ್ಚು ಮಂದಿಗೆ ಮತ್ತೆ ಬಂತು. ಮೋಸ್ ವಿಧಾನದವರಲ್ಲಿ ನೂರಕ್ಕೆ ಸುಮಾರು 4. ಇದು 2014ರಲ್ಲಿ ಪ್ರಕಟವಾಯಿತು. ಆದರೆ ಈ ವಿಧಾನಕ್ಕೆ ತರಬೇತಾದವರು, ಪಕ್ಕದಲ್ಲೇ ಪ್ರಯೋಗಾಲಯ, ಅರ್ಧ ದಿನದ ತಾಳ್ಮೆ ಬೇಕು. ನಮ್ಮ ದೇಶದಲ್ಲಿ ಕೆಲವು ದೊಡ್ಡ ನಗರಗಳಲ್ಲಷ್ಟೇ ಅದು ಸಿಗುತ್ತದೆ.

ಚಾಕು ಹಿಡಿಯದೆ ಆಗುವುದಿಲ್ಲವೇ ಎಂದು ಮಾವ ಕೇಳಿದರು. ಆಗುತ್ತದೆ, ಗಂಟು ಯೋಗ್ಯವಾಗಿದ್ದರೆ. ಮೇಲುಮೇಲಿನ ಸಣ್ಣ ಗಂಟನ್ನು ಸೌಟಿನಂಥ ಸಣ್ಣ ಉಪಕರಣದಿಂದ ಕೆರೆದು ವಿದ್ಯುತ್ತಿನಿಂದ ಸುಡುವುದುಂಟು. ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕ ಸಿಂಪಡಿಸಿ ಹೆಪ್ಪುಗಟ್ಟಿಸುವುದುಂಟು. ಬೆಳಕಿಗೆ ಸ್ಪಂದಿಸುವ ಔಷಧಿ ಹಚ್ಚಿ, ಮೇಲೆ ಕೆಂಪು ಬೆಳಕು ಹಾಯಿಸುವ ಚಿಕಿತ್ಸೆಯೂ ಇದೆ. ಇಮಿಕ್ವಿಮಾಡ್ ಎಂಬ ಮುಲಾಮು ನೇರವಾಗಿ ಕ್ಯಾನ್ಸರನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ನಮ್ಮ ದೇಹದ ರೋಗನಿರೋಧಕ ಕೋಶಗಳನ್ನು ಅಲ್ಲಿಗೆ ಕರೆಸುತ್ತದೆ. ವಾರಕ್ಕೆ ಐದು ದಿನದಂತೆ ಆರು ವಾರ ಹಚ್ಚಬೇಕು, ಚರ್ಮ ಕೆಂಪಾಗಿ ಸುಲಿಯುತ್ತದೆ. ಬ್ರಿಟನ್ನಿನಲ್ಲಿ ಇದನ್ನು ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿದಾಗ, ಅಪಾಯ ಕಡಿಮೆಯಿರುವ ಗಂಟುಗಳಲ್ಲಿ, ಐದು ವರ್ಷದ ಕೊನೆಗೆ ಮುಲಾಮಿನವರಲ್ಲಿ ನೂರಕ್ಕೆ ಸುಮಾರು 82 ಮಂದಿ, ಶಸ್ತ್ರಚಿಕಿತ್ಸೆಯವರಲ್ಲಿ ಸುಮಾರು 98 ಮಂದಿ ರೋಗವಿಲ್ಲದೆ ಇದ್ದರು. ಮುಲಾಮು ಕೆಟ್ಟದ್ದೆಂದು ಇದರ ಅರ್ಥವಲ್ಲ. ಚಾಕುವಿಗೆ ಒಪ್ಪದ ವಯೋವೃದ್ಧರಿಗೆ 82 ಎಂಬುದು ಸಣ್ಣ ಸಂಖ್ಯೆಯೇನಲ್ಲ. ಆದರೆ ಈ ಚಿಕಿತ್ಸೆಗಳಲ್ಲೆಲ್ಲ ಪೂರ್ತಿ ಹೋಯಿತೇ ಎಂದು ಪರೀಕ್ಷಿಸಲು ಕತ್ತರಿಸಿದ ತುಣುಕಿನ ಅಂಚು ಕೈಯಲ್ಲಿರುವುದಿಲ್ಲ. ಆದ್ದರಿಂದ ಇವು ಮೇಲುಮೇಲಿನ ಗಂಟಿಗೆ ಮೀಸಲು. ಮಾವನ ಗಂಟು ಕಲೆಯಡಿಗೆ ಇಳಿದಿತ್ತು. 2013ರಲ್ಲಿ ತೋರಿಸಿದ್ದರೆ ಅದು ಜೋಳದ ಕಾಳಿನಷ್ಟೇ ಇತ್ತು.

ವಿಕಿರಣ ಚಿಕಿತ್ಸೆಯ ಮಾತೂ ಬಂತು. ಶಸ್ತ್ರಚಿಕಿತ್ಸೆ ತಾಳದವರಿಗೆ ಅದು ಒಳ್ಳೆಯ ದಾರಿಯೇ. ಹಲವು ದಿನ ಆಸ್ಪತ್ರೆಗೆ ಹೋಗಿ ಬರಬೇಕು, ಮತ್ತು ವಿಕಿರಣ ಬಿದ್ದ ಚರ್ಮದಲ್ಲಿ ದಶಕಗಳ ನಂತರ ಹೊಸ ಕ್ಯಾನ್ಸರ್ ಏಳುವ ಸಾಧ್ಯತೆ ಇರುವುದರಿಂದ ಚಿಕ್ಕ ವಯಸ್ಸಿನವರಿಗೆ ಆದಷ್ಟು ಕೊಡುವುದಿಲ್ಲ. ಮುಖದ ಮೇಲಿನ ಗಂಟುಗಳಿಗೆ ಇವೆರಡನ್ನೂ ಹೋಲಿಸಿದ ಫ್ರಾನ್ಸಿನ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆ ವಿಫಲವಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ, ವಿಕಿರಣ ವಿಫಲವಾದದ್ದು ನೂರಕ್ಕೆ ಏಳೂವರೆ.

ಇನ್ನು, ಚಾಕುವೂ ವಿಕಿರಣವೂ ಕೆಲಸಕ್ಕೆ ಬಾರದಷ್ಟು ಬೆಳೆದ ಗಂಟಿಗೆ ಏನು? ಇಲ್ಲಿರುವುದು ಜೀವಶಾಸ್ತ್ರದ ವಿದ್ಯಾರ್ಥಿಗಳು ಕಿವಿಗೊಡಬೇಕಾದ ಕತೆ. ಅಮೆರಿಕದ ಐಡಹೋ ಪ್ರಾಂತದಲ್ಲಿ 1950ರ ದಶಕದಲ್ಲಿ ಕೆಲವು ಕುರಿಮರಿಗಳು ಹಣೆಯ ನಡುವೆ ಒಂದೇ ಕಣ್ಣಿನೊಂದಿಗೆ ಹುಟ್ಟಿದವು. ತಾಯಿ ಕುರಿಗಳು ಗಬ್ಬವಾದ ಎರಡನೆಯ ವಾರದ ಹೊತ್ತಿಗೆ ಬೆಟ್ಟದ ಒಂದು ಕಾಡುಗಿಡವನ್ನು ಮೇಯ್ದಿದ್ದೇ ಕಾರಣವೆಂದು ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿ ತಿಳಿದರು. ಗಿಡದೊಳಗಿನ ವಸ್ತುವಿಗೆ ಸೈಕ್ಲೋಪಮೀನ್ ಎಂದು ಹೆಸರಾಯಿತು. ಅತ್ತ ಜರ್ಮನಿಯಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್ಹಾರ್ಡ್ ಮತ್ತು ಎರಿಕ್ ವೀಷಾಸ್ ಎಂಬ ವಿಜ್ಞಾನಿಗಳು ಹಣ್ಣಿನ ನೊಣದ ಮರಿಗಳಲ್ಲಿ ದೇಹದ ಆಕಾರವನ್ನು ನಿರ್ಧರಿಸುವ ಜೀನುಗಳನ್ನು ಹುಡುಕುತ್ತಿದ್ದರು. ಒಂದು ಜೀನು ಕೆಟ್ಟರೆ ಮರಿಯ ಮೈತುಂಬ ಮುಳ್ಳುಗಳು. ಮುಳ್ಳಿಲಿಯನ್ನು ಹೋಲುವುದರಿಂದ ಅದಕ್ಕೆ ಹೆಜ್‌ಹಾಗ್ ಎಂದೇ ಹೆಸರಿಟ್ಟು 1980ರಲ್ಲಿ ಪ್ರಕಟಿಸಿದರು. ಆ ಸಾಲಿನ ಕೆಲಸಕ್ಕೆ 1995ರಲ್ಲಿ ನೊಬೆಲ್ ಪಾರಿತೋಷಕ ಬಂತು. ಮರುವರ್ಷವೇ, ಚಿಕ್ಕ ವಯಸ್ಸಿನಲ್ಲೇ ಹತ್ತಾರು ತಳಕೋಶದ ಕ್ಯಾನ್ಸರ್ ಏಳುವ ಕೆಲವು ಕುಟುಂಬಗಳಲ್ಲಿ, ಈ ಹೆಜ್‌ಹಾಗ್ ಸಂಕೇತಕ್ಕೆ ಕಡಿವಾಣ ಹಾಕುವ ಜೀನು ಕೆಟ್ಟಿರುವುದು ಗೊತ್ತಾಯಿತು. ಕಡಿವಾಣ ತಪ್ಪಿದರೆ ತಳಕೋಶಗಳು ಬೆಳೆಯುತ್ತಲೇ ಹೋಗುತ್ತವೆ. ಹಾಗಾದರೆ ಆ ಸಂಕೇತವನ್ನು ನಿಲ್ಲಿಸುವ ವಸ್ತು ಯಾವುದು? ಒಂಟಿಕಣ್ಣಿನ ಕುರಿಮರಿಯ ಆ ಸೈಕ್ಲೋಪಮೀನ್!

ಅದೇ ಜಾಡಿನಲ್ಲಿ ತಯಾರಾದ ವಿಸ್ಮೋಡೆಗಿಬ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಸೋನಿಡೆಗಿಬ್ ಎಂಬುದಕ್ಕೆ 2015ರಲ್ಲಿ. ಇವುಗಳಿಂದ ಗಂಟು ಕುಗ್ಗುತ್ತದೆ, ಆದರೆ ಸ್ನಾಯು ಸೆಳೆತ, ಕೂದಲು ಉದುರುವುದು, ನಾಲಿಗೆಗೆ ರುಚಿ ಹೋಗುವುದು ಸಾಮಾನ್ಯ. ಕೆಲವರಲ್ಲಿ ಕ್ಯಾನ್ಸರ್ ಔಷಧಿಗೆ ಪಳಗಿಬಿಡುತ್ತದೆ. ಕುರಿಮರಿಗಳಿಗೆ ಆದದ್ದು ಮನುಷ್ಯರ ಮಕ್ಕಳಿಗೂ ಆಗಬಹುದಾದ್ದರಿಂದ ಗರ್ಭಿಣಿಯರಿಗೆ ಕೊಡುವಂತೆಯೇ ಇಲ್ಲ. ಈ ಗುಳಿಗೆಗಳಿಗೆ ಬಗ್ಗದವರಿಗಾಗಿ, ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಸೆಮಿಪ್ಲಿಮಾಬ್ ಎಂಬ ಚುಚ್ಚುಮದ್ದಿಗೆ 2021ರಲ್ಲಿ ಅಲ್ಲಿ ಅನುಮತಿಯಾಯಿತು. ಬೆಲೆ ಕೇಳಿದರೆ ಸಿರುಗುಪ್ಪದ ಎಷ್ಟು ಎಕರೆ ಗದ್ದೆ ಮಾರಬೇಕೆಂದು ಲೆಕ್ಕ ಹಾಕಬೇಕಾಗುತ್ತದೆ. ಅಲ್ಲಿಯವರೆಗೆ ಹೋಗದಿರುವುದೇ ಉತ್ತಮ, ಮಾವ ಹೋಗಲೂ ಇಲ್ಲ.

ಬಳ್ಳಾರಿಯ ವೈದ್ಯರು ಮಧ್ಯದ ದಾರಿಯೊಂದನ್ನು ಹೇಳಿದರು. ಮೊದಲ ದಿನ ಗಂಟನ್ನೂ ಹಳೆಯ ಕಲೆಯನ್ನೂ ಸೇರಿಸಿ ಕತ್ತರಿಸುವುದು. ತುಣುಕಿನ ಯಾವ ಅಂಚು ಯಾವ ದಿಕ್ಕೆಂದು ದಾರ ಕಟ್ಟಿ ಗುರುತಿಸಿ ಪ್ರಯೋಗಾಲಯಕ್ಕೆ ಕಳಿಸುವುದು. ವರದಿ ಬರುವವರೆಗೆ ಗಾಯ ಮುಚ್ಚದೆ ಪಟ್ಟಿ ಕಟ್ಟಿಡುವುದು. ಮೋಸ್ ವಿಧಾನ ಅರ್ಧ ದಿನದಲ್ಲಿ ಮಾಡುವ ಕೆಲಸವನ್ನು ಇದು ವಾರದಲ್ಲಿ ಮಾಡುತ್ತದೆ, ಅಷ್ಟೆ. ಮಾವನ ಮೊದಲ ವರದಿಯಲ್ಲಿ ಮೂಗಿನ ಕಡೆಯ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿದ್ದವು. ಹೊರಗಣ್ಣಿಗೆ ಅಲ್ಲೇನೂ ಇರಲಿಲ್ಲ, ನಾನೇ ನೋಡಿದ್ದೆ. ಆ ಬದಿಯಲ್ಲಿ ಮಾತ್ರ ಮತ್ತೊಂದು ಪದರ ತೆಗೆದರು. ಎರಡನೆಯ ವರದಿಯಲ್ಲಿ ಅಂಚೆಲ್ಲ ಶುದ್ಧ ಎಂದಿತ್ತು.

ಅಷ್ಟರಲ್ಲಿ ಹೊಳ್ಳೆಯ ಒಂದು ಭಾಗವೇ ಹೋಗಿತ್ತು. ಪ್ಲಾಸ್ಟಿಕ್ ಸರ್ಜನ್ ಹಣೆಯ ಚರ್ಮದ ಒಂದು ಪಟ್ಟಿಯನ್ನು ಬುಡ ಬಿಡಿಸದೆ ಎಬ್ಬಿಸಿ, ಕೆಳಕ್ಕೆ ತಿರುಗಿಸಿ ಮೂಗಿಗೆ ಹೊಲಿದರು. ಇದು ನಮ್ಮ ದೇಶದ ವಿದ್ಯೆ. 1792ರಲ್ಲಿ ಟಿಪ್ಪುಸುಲ್ತಾನನೊಂದಿಗೆ ನಡೆದ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನೊಬ್ಬ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆಯ ದೇಶೀ ವೈದ್ಯರೊಬ್ಬರು ಅವನ ಹಣೆಯ ಚರ್ಮದಿಂದಲೇ ಮೂಗು ಮಾಡಿದರು. ಅದರ ವರ್ಣನೆ, ಚಿತ್ರಸಮೇತ, 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ, ಯುರೋಪಿನ ಶಸ್ತ್ರವೈದ್ಯರು ಅದನ್ನು ಕಲಿತರು. ಹೊಸ ಚರ್ಮ ಅಲ್ಲಿಯ ರಕ್ತನಾಳಗಳಿಗೆ ಒಗ್ಗಿಕೊಳ್ಳಲು ಮೂರು ವಾರ ಬೇಕು. ಅಲ್ಲಿಯವರೆಗೆ ಹಣೆಯಿಂದ ಮೂಗಿಗೆ ಒಂದು ಸೇತುವೆ ತೂಗುತ್ತಿರುತ್ತದೆ. ಮೊಮ್ಮಗಳು ಅದನ್ನು ಗಣಪ್ಪನ ಸೊಂಡಿಲು ಎಂದಳು. ಮಾವ ಆ ಮೂರು ವಾರ ಕನ್ನಡಿ ನೋಡಲಿಲ್ಲ, ಹೊಸ್ತಿಲು ದಾಟಲಿಲ್ಲ. ಕಾಳಿನಷ್ಟಿದ್ದಾಗ ಎರಡು ಹೊಲಿಗೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಅದು.

ಖರ್ಚಿನ ವಿಷಯ ಕೇಳುವಿರಿ. 2018ರಿಂದ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿ.ಪಿ.ಎಲ್. ಚೀಟಿ ಮತ್ತು ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ ವಿಚಾರಿಸಿ. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾಗಿ, ವಿಮ್ಸ್ ಎಂದೇ ಜನ ಬಲ್ಲ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಕಷ್ಟದ ಪ್ರಕರಣಗಳಿಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ.

ಒಮ್ಮೆ ಈ ಕ್ಯಾನ್ಸರ್ ಬಂದವರಿಗೆ ಇನ್ನೊಂದು ಕಡೆ ಹೊಸದು ಏಳುವ ಸಂಭವ ಹೆಚ್ಚು. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಪೂರ್ತಿ ಚರ್ಮವನ್ನು ತೋರಿಸಬೇಕು. 2020ರಲ್ಲಿ ಕೊರೋನಾ ಬಂದು ಮಾವನ ಒಂದು ತಪಾಸಣೆ ತಪ್ಪಿತು. ಆಮೇಲೆ ತಪ್ಪಿಲ್ಲ. ಈಗ ಅಗಲ ಅಂಚಿನ ಹುಲ್ಲಿನ ಟೋಪಿ ಹಾಕುತ್ತಾರೆ. ಟವೆಲು ಹೆಗಲಿಗೆ ಇಳಿದಿದೆ.

ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ, ಸೋದರಮಾವ ಇರುತ್ತಾರೆ. ಅವರ ಮುಖದ ಮೇಲೆ ಒಂದು ತಿಂಗಳಾದರೂ ಮಾಯದ ಹುಣ್ಣು, ರಕ್ತ ಬಂದು, ಹೊಪ್ಪಳೆ ಕಟ್ಟಿ, ಉದುರಿ, ಮತ್ತೆ ರಕ್ತ ಬರುವ ಗಂಟು, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಎದ್ದ ಹೊಳೆಯುವ ಕಪ್ಪು ಮಚ್ಚೆ ಕಂಡರೆ ಚರ್ಮರೋಗ ತಜ್ಞರಿಗೆ ತೋರಿಸಲು ಹೇಳಿ. ಹತ್ತರಲ್ಲಿ ಬಹಳಷ್ಟು ಏನೂ ಅಲ್ಲದ ಮಚ್ಚೆಗಳೇ ಆಗಿರುತ್ತವೆ. ಆಗಲಿ. ಯಾರಾದರೂ ಕತ್ತರಿಸಿ ತೆಗೆದರೆ, ತುಣುಕು ಎಲ್ಲಿಗೆ ಹೋಯಿತು, ವರದಿ ಯಾವಾಗ ಬರುತ್ತದೆ ಎಂದು ಕೇಳಿ. ಹಿರಿಯರು ಸಂಕೋಚದಿಂದ ಕೇಳುವುದಿಲ್ಲ, ನೀವು ಕೇಳಬಹುದು.

ಹೋದ ಸಲ ಕುರುಗೋಡಿನ ಜಾತ್ರೆಯಲ್ಲಿ ಮಾವ ಸಿಕ್ಕಿದ್ದರು. ಹಿಂದೆ ಕ್ಷೌರ ಮಾಡಿಸಿಕೊಂಡಿದ್ದ ಅಂಗಡಿಯಲ್ಲೇ ಕುಳಿತಿದ್ದರು. ಅಂಗಡಿಯವನಿಗೆ ತಮ್ಮ ಮೂಗು ತೋರಿಸಿ, ಯಾವ ಗಿರಾಕಿಯ ಮುಖದಲ್ಲಿ ಎಂಥದ್ದು ಕಂಡರೆ ಬಳ್ಳಾರಿಗೆ ಕಳಿಸಬೇಕೆಂದು ಹೇಳುತ್ತಿದ್ದರು. ಅವನು ಕನ್ನಡಿಯ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ವೈದ್ಯರ ಫೋನ್ ನಂಬರು ಬರೆದುಕೊಂಡ. ಮಾವ ನನ್ನ ಕಡೆ ತಿರುಗಿ, "ಮುಂದಿನ ಸಲ ಟಿ.ವಿ.ಗೆ ತೆಗೆಯೋದಾದ್ರೆ ಎಡಗಡೆಯಿಂದಲೇ ತೆಗಿ ಅಳಿಯಾ" ಎಂದರು.